ಓಡುತ್ತಿರುವಾಗಲೇ ಎಂಜಿನ್ ಬಂದ್, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್

ಹಿಂಗನ್ನಡಿ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನದು 11 ವರ್ಷದ ಪೆಟ್ರೋಲ್ ಕಾರು. 1.2 ಲೀಟರ್ ಎಂಜಿನ್, ಮ್ಯಾನುವಲ್ ಗೇರ್, 1,12,000 ಕಿ.ಮೀ. ಓಡಿದೆ. ಈ ತಿಂಗಳು ಮೂರು ಸಲ ಓಡುತ್ತಿರುವಾಗಲೇ ಆಫ್ ಆಯಿತು. ಮೂರೂ ಸಲ ಹೊರಟು 40–50 ನಿಮಿಷ ಆದ ಮೇಲೆ. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿ ನಿಂತು, ಹೋಗಿಬರುವವರ ಸಲಹೆಯೆಲ್ಲ ಕೇಳಿ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ. ಆಮೇಲೆ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್!

ಇಲ್ಲಿಯವರೆಗೆ ಬದಲಿಸಿದ್ದು: ಸ್ಪಾರ್ಕ್ ಪ್ಲಗ್ ನಾಲ್ಕೂ, ಫ್ಯೂಯೆಲ್ ಫಿಲ್ಟರ್, ಕೊನೆಗೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್. ಪಂಪ್ ಹಾಕಿದ ಆರನೇ ದಿನ ಮತ್ತೆ ನಿಂತಿತು. ಚೆಕ್ ಎಂಜಿನ್ ಲೈಟ್ ಉರಿಯುತ್ತಿಲ್ಲ. ಈಗ ಮೆಕ್ಯಾನಿಕ್ 'ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿರಬೇಕು' ಅನ್ನುತ್ತಿದ್ದಾರೆ. ಹಾಕಿಸಲಾ?

ಮೂರನೇ ಗೇರ್
ಪೆಟ್ರೋಲಿನಲ್ಲಿ ನೀರು ಸೇರಿರುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಸಿ. ನನ್ನ ಗಾಡಿಗೆ ಹೀಗೇ ಆಗಿತ್ತು.

ಕೈಮಸಿ
ಇಸಿಯು ಮುಟ್ಟಬೇಡಿ. ಅದು ಕೆಡುವುದೇ ಇಲ್ಲ ಅಂತಲ್ಲ. ಬೇರೆ ಏನೂ ಸಿಗದಾಗ ಮೆಕ್ಯಾನಿಕ್ ಬಾಯಿಗೆ ಮೊದಲು ಬರುವ ಹೆಸರು ಅದು, ಅಷ್ಟೇ.

ನೀರು ಸೇರಿದ್ದರೆ ಗಾಡಿ ಅರ್ಧ ಗಂಟೆ ವಿಶ್ರಾಂತಿ ತಗೊಂಡು ಸರಿಹೋಗುವುದಿಲ್ಲ ಮೂರನೇ ಗೇರ್ ಅವರೇ. ಅದು ಎಳೆದಾಡುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ತಣ್ಣಗಿದ್ದಾಗಲೂ ಕಾಡುತ್ತದೆ. ಇಲ್ಲಿ ಬಿಸಿಯಾದರೆ ಹೋಗುವುದು, ತಣ್ಣಗಾದರೆ ಬರುವುದು. ಅಂದರೆ ಶಾಖಕ್ಕೆ ಬಿಟ್ಟುಕೊಳ್ಳುವ ಏನೋ ಒಂದಿದೆ. ಸೆನ್ಸರ್, ರಿಲೇ, ಕಾಯಿಲ್, ಪಂಪ್, ವೈರ್, ಇವುಗಳಲ್ಲಿ ಒಂದು.

ಹಿಂಗನ್ನಡಿ ಅವರಿಗೆ ಮೂರು ಪ್ರಶ್ನೆ. ಉತ್ತರ ಗೊತ್ತಿಲ್ಲದಿದ್ದರೆ ಊಹೆ ಮಾಡಬೇಡಿ, ಗೊತ್ತಿಲ್ಲ ಅಂತಲೇ ಹೇಳಿ.

ಎಂಜಿನ್ ಹೇಗೆ ಸತ್ತಿತು? ಸ್ವಿಚ್ ಆರಿಸಿದ ಹಾಗೆ ಒಂದೇ ಏಟಿಗೆ ಹೋಯಿತಾ, ಇಲ್ಲ ಕೆಮ್ಮಿ, ತಡವರಿಸಿ, ಪಿಕಪ್ ಕಳೆದುಕೊಂಡು ಹೋಯಿತಾ?

ಆ ಹೊತ್ತಿನಲ್ಲಿ ಡ್ಯಾಶ್‌ಬೋರ್ಡ್ ಏನು ತೋರಿಸುತ್ತಿತ್ತು? ಎಲ್ಲ ದೀಪವೂ ಒಟ್ಟಿಗೆ ಆರಿತಾ, ಅಥವಾ ಆಯಿಲ್ ಮತ್ತು ಬ್ಯಾಟರಿ ದೀಪ ಹತ್ತಿಕೊಂಡವಾ?

ಮೂರನೆಯದೇ ಮುಖ್ಯ. ಗಾಡಿ ಇನ್ನೂ ಉರುಳುತ್ತಿದೆ, ಗೇರಿನಲ್ಲೇ ಇದೆ, ನೀವು ಕ್ಲಚ್ ಒತ್ತಿಲ್ಲ. ಆಗ ಆರ್‌ಪಿಎಂ ಮುಳ್ಳು ಎಲ್ಲಿತ್ತು?

ಹಿಂಗನ್ನಡಿ
ಒಂದೇ ಏಟಿಗೆ ಹೋಯಿತು. ಕೆಮ್ಮಲಿಲ್ಲ. ದೀಪಗಳು ಹತ್ತಿಕೊಂಡವು, ರೇಡಿಯೋ ಹಾಡುತ್ತಲೇ ಇತ್ತು. ಮುಳ್ಳು ನೋಡಲಿಲ್ಲ. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು, ಮುಳ್ಳು ನೋಡುವ ಪುರುಸೊತ್ತು ಯಾರಿಗಿತ್ತು ಹೇಳಿ.

ಹಳೇ ಡೀಸೆಲ್
ಲಾರಿ ವಿಷಯ ಬಂದಿದ್ದಕ್ಕೆ ಒಂದು ಮಾತು. ರಿಪೇರಿ ಆಮೇಲೆ, ಮೊದಲು ಜೀವ ನೋಡಿಕೊಳ್ಳಿ.

ಎಂಜಿನ್ ನಿಂತರೆ ಬ್ರೇಕ್ ಹೋಗುವುದಿಲ್ಲ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವುದಕ್ಕೆ ಸಾಕಾಗುತ್ತದೆ. ಹಾಗಾಗಿ ಒಂದೇ ಸಲ ಗಟ್ಟಿಯಾಗಿ, ಬಿಡದೆ ಒತ್ತಿ. ಪಂಪ್ ಹೊಡೆದ ಹಾಗೆ ಒತ್ತಿ ಒತ್ತಿ ಬಿಟ್ಟರೆ ಇರುವುದೂ ಖಾಲಿ. ನಾನು ಒಂದು ಇಳಿಜಾರಿನಲ್ಲಿ ಗಾಬರಿಯಿಂದ ಮೂರು ಸಲ ಹಾಗೆ ಒತ್ತಿದ್ದೆ. ನಾಲ್ಕನೇ ಸಲಕ್ಕೆ ಪೆಡಲ್ ಕಲ್ಲು! ಎರಡೂ ಕಾಲು ಹಾಕಿ ನಿಲ್ಲಿಸಿದೆ. ಸ್ಟೀರಿಂಗ್ ಭಾರ ಆಗುತ್ತದೆ, ಆದರೆ ತಿರುಗುತ್ತದೆ. ಕೀಯನ್ನು ಮಾತ್ರ ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಬಿದ್ದರೆ ಕಥೆ ಮುಗಿಯಿತು. ಹಜಾರ್ಡ್ ದೀಪ ಹಾಕಿ, ಇರುವ ವೇಗದಲ್ಲೇ ಪಕ್ಕಕ್ಕೆ ಬನ್ನಿ.

ಕಾರಣ ಗೊತ್ತಾಗುವ ತನಕ ಈ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ.

ಕೀಗೊಂಚಲು
ನನ್ನದು ಬೇರೆ ರೀತಿ. ಹಳ್ಳಕ್ಕೆ ಬಿದ್ದಾಗ ರೇಡಿಯೋ, ಮೀಟರ್, ಎಂಜಿನ್ ಎಲ್ಲ ಒಟ್ಟಿಗೆ ಆರಿ, ಅರ್ಧ ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. ಇದೂ ಅದೇನಾ?

ಕೈಮಸಿ
ಅಲ್ಲ. ಎಲ್ಲ ಒಟ್ಟಿಗೆ ಆರಿದರೆ ಕರೆಂಟ್ ಬರುವ ದಾರಿಯೇ ಕಡಿಯುತ್ತಿದೆ. ಮೊದಲು ಬ್ಯಾಟರಿ ಟರ್ಮಿನಲ್ ಕೈಯಿಂದ ತಿರುಗಿಸಿ ನೋಡಿ. ಅಲ್ಲಾಡಿದರೆ ಅದೇ ಕಾರಣ. ಅದು ಬಿಗಿಯಾಗಿದ್ದರೆ ಕೀ ಸ್ವಿಚ್ಚಿನ ಹಿಂದಿರುವ ಎಲೆಕ್ಟ್ರಿಕಲ್ ಭಾಗ. ಗಾಡಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು, ಕೀಯನ್ನು ಮೆಲ್ಲಗೆ ಅಲ್ಲಾಡಿಸಿ. ನಿಮ್ಮ ಕೀಚೈನಿನಲ್ಲಿ ಎಷ್ಟು ಕೀ ಇದೆ?

ಕೀಗೊಂಚಲು
ಹದಿಮೂರು. ಒಂದು ಸಣ್ಣ ಟಾರ್ಚು, ಒಂದು ಹಿತ್ತಾಳೆ ಆನೆ.

ಅಲ್ಲಾಡಿಸಿದೆ, ನಿಂತೇಹೋಯಿತು. ಆನೆ ತೆಗೆದಿಟ್ಟಿದ್ದೇನೆ, ಸ್ವಿಚ್ ಆರ್ಡರ್ ಮಾಡಿದ್ದೇನೆ. ಧನ್ಯವಾದ.

ಟೆಸ್ಟ್ ಲ್ಯಾಂಪ್
ವೈರಿಂಗ್ ಕೆಲಸದವನು ನಾನು. ಆ ಮುಳ್ಳಿನ ಪ್ರಶ್ನೆ ಯಾಕೆ ಕೇಳಿದರು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಗಾಡಿ ಗೇರಿನಲ್ಲಿ ಉರುಳುತ್ತಿದ್ದರೆ, ಕ್ಲಚ್ ಒತ್ತದೇ ಇದ್ದರೆ, ಪೆಟ್ರೋಲ್ ನಿಂತರೂ ಸ್ಪಾರ್ಕ್ ನಿಂತರೂ ಎಂಜಿನ್ ತಿರುಗುತ್ತಲೇ ಇರುತ್ತದೆ. ಚಕ್ರಗಳೇ ಅದನ್ನು ತಿರುಗಿಸುತ್ತವೆ. ಆಗ ಮುಳ್ಳು ಗಾಡಿಯ ವೇಗದ ಜೊತೆ ಮೆಲ್ಲಗೆ ಇಳಿಯಬೇಕು. ಹಾಗಲ್ಲದೆ ಧಪ್ಪಂತ ಸೊನ್ನೆಗೆ ಬಿದ್ದರೆ? ಎಂಜಿನ್ ತಿರುಗುತ್ತಿದೆ, ಆದರೆ ತಿರುಗುತ್ತಿದೆ ಅನ್ನುವುದು ಇಸಿಯುಗೆ ಗೊತ್ತಾಗುತ್ತಿಲ್ಲ. ಆ ಸುದ್ದಿ ತಲುಪಿಸುವುದು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಪಕ್ಕದ ಕ್ರ್ಯಾಂಕ್ ಸೆನ್ಸರ್. ಅದರ ಮಾತು ನಿಂತರೆ ಇಸಿಯು ಇಂಜೆಕ್ಟರ್, ಸ್ಪಾರ್ಕ್, ಪಂಪ್ ಮೂರನ್ನೂ ನಿಲ್ಲಿಸುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಈ ಪರೀಕ್ಷೆ ನಂಬಬೇಡಿ, ಅಲ್ಲಿ ಎಂಜಿನ್ ಬೇಗ ನಿಂತುಬಿಡುತ್ತದೆ.

ಇನ್ನೊಂದು. ಪಂಪ್ ಯಾಕೆ ಬದಲಿಸಿದರು ಅಂತ ನನಗೆ ಆಗಲೇ ಅನುಮಾನ. ಕೀ ಆನ್ ಮಾಡಿದಾಗ ಪಂಪ್ ಸುಮಾರು 2 ಸೆಕೆಂಡ್ ಓಡಿ ನಿಲ್ಲುತ್ತದೆ. ಕ್ರ್ಯಾಂಕ್ ಸಿಗ್ನಲ್ ಬಂದರೆ ಮಾತ್ರ ಮುಂದಕ್ಕೆ ಓಡುತ್ತದೆ. ಸಿಗ್ನಲ್ ಇಲ್ಲದಾಗ ಸೆಲ್ಫ್ ಹೊಡೆಯುತ್ತಾ ಪಂಪಿನ ವೈರಿಗೆ ಲ್ಯಾಂಪ್ ಹಿಡಿದರೆ ಕರೆಂಟ್ ಕಾಣುವುದಿಲ್ಲ. ಕಿವಿಗೊಟ್ಟರೆ ಪಂಪ್ ಸುಮ್ಮನಿರುತ್ತದೆ. 'ಪಂಪ್ ಸತ್ತಿದೆ' ಅಂತ ತೀರ್ಮಾನ ಆಗಿಹೋಗುತ್ತದೆ. ಪಾಪ ಪಂಪ್, ಅದಕ್ಕೆ ಓಡು ಅಂತ ಹೇಳುವವರೇ ಇರಲಿಲ್ಲ.

ಹಿಂಗನ್ನಡಿ
ಅಯ್ಯೋ, ಹಾಗೇ ಮಾಡಿದರು! ನನ್ನ ಕಣ್ಣೆದುರಿಗೇ ಲ್ಯಾಂಪ್ ಹಿಡಿದು 'ನೋಡಿ ಸಾರ್, ಪಂಪ್ ಓಡುತ್ತಿಲ್ಲ' ಅಂದರು. ನಾನೂ ತಲೆ ಆಡಿಸಿದೆ.

ಆದರೆ ಸೆನ್ಸರ್ ಹೋಗಿದ್ದರೆ ಚೆಕ್ ಲೈಟ್ ಬರಬೇಕಿತ್ತಲ್ವಾ?

ಟೆಸ್ಟ್ ಲ್ಯಾಂಪ್
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಕ್ರ್ಯಾಂಕ್ ಸಿಗ್ನಲ್ ಇಲ್ಲ ಅಂದರೆ ಇಸಿಯು ಲೆಕ್ಕದಲ್ಲಿ 'ಎಂಜಿನ್ ತಿರುಗುತ್ತಿಲ್ಲ' ಅಂತ ಆಯಿತು. ತಿರುಗದ ಎಂಜಿನ್ನಿಗೆ ಸಿಗ್ನಲ್ ಇಲ್ಲದಿದ್ದರೆ ಅದು ದೋಷವೇ ಅಲ್ಲ. ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರ್ ಸಿಗ್ನಲ್ ಬರುತ್ತಿದೆ, ಕ್ರ್ಯಾಂಕ್ ಬರುತ್ತಿಲ್ಲ ಅಂತ ಹೋಲಿಸಿ ನೋಡಿದಾಗಲೇ ಅದು ಪಿ0335 ಅನ್ನುವ ದೋಷದ ಕೋಡ್ ಬರೆದಿಡುವುದು. ಕೆಲವು ಗಾಡಿಯಲ್ಲಿ ಎರಡು ಮೂರು ಸಲ ಆಗುವವರೆಗೂ ದೀಪ ಹತ್ತುವುದಿಲ್ಲ, ಒಳಗೆ 'ಪೆಂಡಿಂಗ್' ಅಂತ ಕೂತಿರುತ್ತದೆ. ಸಣ್ಣದೊಂದು ಬ್ಲೂಟೂತ್ ಸ್ಕ್ಯಾನರ್ ತಗೊಳ್ಳಿ. ನಿಂತ ಕೂಡಲೇ ಸೆಲ್ಫ್ ಹೊಡೆಯುತ್ತಾ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡಿ. 200ರ ಆಸುಪಾಸು ತೋರಿಸಬೇಕು. ಸೊನ್ನೆ ಇದ್ದರೆ ಕಳ್ಳ ಸಿಕ್ಕಿದ.

ನಿಧಾನಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರು ಓಡುವಾಗ ಚೆನ್ನಾಗಿರುತ್ತದೆ. ಸಿಗ್ನಲ್ ಹತ್ತಿರ ಕಾಲು ತೆಗೆದು ಕ್ಲಚ್ ಒತ್ತಿದರೆ ಆರ್‌ಪಿಎಂ 500ಕ್ಕೆ ಬಿದ್ದು ಗಡಗಡ ನಡುಗಿ ಆಫ್. ಕೂಡಲೇ ಸ್ಟಾರ್ಟ್ ಆಗುತ್ತದೆ. ಎಸಿ ಹಾಕಿದರೆ ಇನ್ನೂ ಜಾಸ್ತಿ.

ಕೈಮಸಿ
ನಿಮ್ಮದಕ್ಕೆ ಗಾಳಿ ಸಾಲುತ್ತಿಲ್ಲ ಮೇಡಂ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ನೋಡಿ. ಪ್ಲೇಟಿನ ಅಂಚಿಗೆ ಕಪ್ಪಗೆ ಅಂಟಂಟಾಗಿ ಕಾರ್ಬನ್ ಕೂತಿರುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ ಉಸಿರಾಡುವುದು ಆ ಕೂದಲೆಳೆ ಸಂದಿನಿಂದಲೇ. ಥ್ರಾಟಲ್ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಪ್ಲೇಟನ್ನು ಬೆರಳಿಂದ ಬಲವಂತವಾಗಿ ತಳ್ಳಬೇಡಿ, ಒಳಗೆ ಗೇರ್ ಇದೆ. ಕ್ಲೀನ್ ಆದ ಮೇಲೆ ಐಡಲ್ ರೀಲರ್ನ್ ಮಾಡಿಸಿ, ಅಂದರೆ ಇಸಿಯುಗೆ ಐಡ್ಲಿಂಗ್ ಹೊಸದಾಗಿ ಕಲಿಸುವುದು. ಇಲ್ಲದಿದ್ದರೆ ಸ್ವಲ್ಪ ದಿನ ಆರ್‌ಪಿಎಂ ಮೇಲೆ ಕೆಳಗೆ ಆಡುತ್ತದೆ.

ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರ ಹೀಗಾಗುತ್ತಿದ್ದರೆ ಬೇರೆ ಕಥೆ. ಆಗ ಪರ್ಜ್ ವಾಲ್ವ್ ತೆರೆದೇ ಉಳಿದಿರುತ್ತದೆ, ಟ್ಯಾಂಕಿನ ಆವಿ ನೇರ ಎಂಜಿನ್ನಿಗೆ ಹೋಗುತ್ತದೆ.

ನಿಧಾನಿ
ಕಾರ್ಬನ್ನೇ. ಎರಡು ಬಟ್ಟೆ ಕಪ್ಪಾದವು. ಈಗ 800ರಲ್ಲಿ ನಿಂತಿದೆ, ಎಸಿ ಹಾಕಿದರೂ ಅಲುಗಾಡುತ್ತಿಲ್ಲ. ಈಗ ಹಿಂಗನ್ನಡಿ ಅವರ ಕಥೆ ಮುಂದುವರಿಯಲಿ.

ಹಿಂಗನ್ನಡಿ
ಸಿಕ್ಕಿತು! ಮೊಬೈಲನ್ನು ಮೀಟರಿನ ಎದುರಿಗೆ ಕಟ್ಟಿ, ರೆಕಾರ್ಡಿಂಗ್ ಹಾಕಿಟ್ಟು, ಗಾಡಿ ಜಾಸ್ತಿ ಇಲ್ಲದ ರಸ್ತೆಯಲ್ಲಿ ಸುತ್ತಾಡಿದೆ. 47ನೇ ನಿಮಿಷಕ್ಕೆ ನಿಂತಿತು. ಮೂರನೇ ಗೇರ್, 38 ಕಿ.ಮೀ. ವೇಗ. ವಿಡಿಯೋದಲ್ಲಿ ಸ್ಪಷ್ಟವಾಗಿದೆ: ಮುಳ್ಳು 2,000ದಿಂದ ಸೊನ್ನೆಗೆ ಕಲ್ಲಿನ ಹಾಗೆ ಬಿತ್ತು, ಗಾಡಿ ಇನ್ನೂ ಉರುಳುತ್ತಿದೆ. ಎರಡು ಸೆಕೆಂಡ್ ಬಿಟ್ಟು ಮುಳ್ಳು ಒಮ್ಮೆ ಎದ್ದು ಮತ್ತೆ ಮಲಗಿತು.

ಸ್ಕ್ಯಾನರಿನಲ್ಲಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ 0. ಪೆಂಡಿಂಗ್ ಕೋಡ್ ಪಿ0335.

ಸೆನ್ಸರ್ ತಂದಾಗಿದೆ. ನಾಳೆ ಹಾಕುತ್ತೇನೆ.

ಮೂರನೇ ಗೇರ್
ಮುಗಿಯಿತಲ್ಲ ಹಾಗಾದರೆ. ಸೆನ್ಸರ್ ಹಾಕಿ, ಆರಾಮಾಗಿರಿ.

ಕೈಮಸಿ
ಆ 'ಒಮ್ಮೆ ಎದ್ದು ಮಲಗಿತು' ಅನ್ನುವುದು ನನಗೆ ಸರಿ ಕಾಣುತ್ತಿಲ್ಲ. ಹಾಕುವ ಮೊದಲು ಹಳೇ ಸೆನ್ಸರ್ ಅಳೆಯಿರಿ. ಕಪ್ಲರಿನಲ್ಲಿ ಎರಡು ವೈರ್ ಇದೆಯಾ, ಮೂರಾ?

ಎರಡಿದ್ದರೆ ಅದು ಕಾಯಿಲ್ ಇರುವ ಸೆನ್ಸರ್, ಅಯಸ್ಕಾಂತದ ಸುತ್ತ ಕೂದಲಿನಂಥ ತಂತಿ ಸುತ್ತಿರುತ್ತಾರೆ. ಅದನ್ನು ಓಮ್‌ನಲ್ಲಿ ಅಳೆಯಬಹುದು. ಮೂರಿದ್ದರೆ ಸಾಮಾನ್ಯವಾಗಿ ಹಾಲ್ ಸೆನ್ಸರ್, ಒಳಗೆ ಚಿಪ್ ಇರುತ್ತದೆ, ಓಮ್‌ನಲ್ಲಿ ಅಳೆದರೆ ಏನೂ ಗೊತ್ತಾಗುವುದಿಲ್ಲ.

ಹಿಂಗನ್ನಡಿ
ಎರಡು ವೈರ್. ತಣ್ಣಗಿದ್ದಾಗ 860 ಓಮ್. ಆಮೇಲೆ ಹೇರ್ ಡ್ರೈಯರ್ ತಂದು (ಮನೆಯವರ ಅನುಮತಿ ಪಡೆದೇ) ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಮಾಡಿದೆ. 1,070ಕ್ಕೆ ಏರಿತು. 200 ಓಮ್ ಜಾಸ್ತಿ! ಸೆನ್ಸರೇ ಕೆಟ್ಟಿರುವುದು ಖಾತ್ರಿ ಆಯಿತು, ಅಲ್ವಾ? ಹೊಸದು ಹಾಕಿಬಿಟ್ಟೆ. ತುದಿಗೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿಕೊಂಡಿತ್ತು, ಅದನ್ನೂ ಒರೆಸಿದೆ.

ಟೆಸ್ಟ್ ಲ್ಯಾಂಪ್
ಖಾತ್ರಿ ಆಗಿಲ್ಲ. ತಾಮ್ರ ಬಿಸಿಯಾದರೆ ಅದರ ಓಮ್ ಏರಲೇಬೇಕು, ಒಂದು ಡಿಗ್ರಿಗೆ ಹತ್ತಿರ ಹತ್ತಿರ 0.4 ಪರ್ಸೆಂಟ್. 60 ಡಿಗ್ರಿ ಬಿಸಿಗೆ ಕಾಲು ಭಾಗ ಏರುತ್ತದೆ. 860ರ ಕಾಲು ಭಾಗ ಎಷ್ಟು? 215. ನಿಮ್ಮ ಸೆನ್ಸರ್ ಪುಸ್ತಕದಲ್ಲಿ ಬರೆದ ಹಾಗೆ ನಡೆದುಕೊಂಡಿದೆ. ಒಳಗೆ ತಂತಿ ಬಿಟ್ಟಿದ್ದರೆ ಮೀಟರ್ ಓಪನ್ ತೋರಿಸುತ್ತಿತ್ತು, ಅಥವಾ ಅಂಕಿ ಹುಚ್ಚು ಹಿಡಿದ ಹಾಗೆ ಕುಣಿಯುತ್ತಿತ್ತು.

ಹಳೆಯದನ್ನು ಎಸೆಯಬೇಡಿ.

ಮೂರನೇ ಗೇರ್
ಗಾಡಿ ಓಡುತ್ತಿದೆಯಲ್ಲಾ ಸ್ವಾಮಿ, ಇನ್ನೂ ಯಾಕೆ ಕೆದಕುತ್ತೀರಿ.

ಹಿಂಗನ್ನಡಿ
ನಾಲ್ಕು ದಿನ, 310 ಕಿ.ಮೀ. ಒಂದೂ ಸಲ ನಿಂತಿಲ್ಲ. ಎಲ್ಲರಿಗೂ ಧನ್ಯವಾದ.

ಹಿಂಗನ್ನಡಿ
ಇವತ್ತು ನಿಂತಿತು. 51ನೇ ನಿಮಿಷ. ಅದೇ ಮುಳ್ಳು, ಅದೇ ಸೊನ್ನೆ.

ಮೂರನೇ ಗೇರ್
ಸೆನ್ಸರ್ ಡೂಪ್ಲಿಕೇಟ್ ಇರಬೇಕು. ಒರಿಜಿನಲ್ ಹಾಕಿ.

ಕೈಮಸಿ
ಇರಬಹುದು, ಡೂಪ್ಲಿಕೇಟಿನಲ್ಲಿ ಬೇಗ ಹೋಗುವವು ಇವೆ. ಆದರೆ ಎರಡು ಸೆನ್ಸರ್, ಒಂದೇ ರೋಗ, ಒಂದೇ ನಿಮಿಷದ ಲೆಕ್ಕ. ಇನ್ನೊಂದು ಸೆನ್ಸರ್ ತರುವ ಮೊದಲು ನಡುವಿನ ದಾರಿ ನೋಡೋಣ.

ನಾಲ್ಕು ದಿನ ಸರಿ ಇತ್ತು ಅನ್ನುವುದಕ್ಕೆ ಮರುಳಾಗಬೇಡಿ. ಸೆನ್ಸರ್ ಬದಲಿಸುವಾಗ ಕಪ್ಲರ್ ಎಳೆದಿರುತ್ತೀರಿ, ವೈರ್ ಪಕ್ಕಕ್ಕೆ ಸರಿಸಿರುತ್ತೀರಿ. ದೋಷ ವೈರಿನಲ್ಲಿದ್ದರೆ ಆ ಎಳೆದಾಟಕ್ಕೇ ನಾಲ್ಕು ದಿನ ಸುಮ್ಮನಾಗುತ್ತದೆ. ಪಾರ್ಟ್ ಬದಲಿಸಿದ್ದರಿಂದ ಸರಿಯಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ನಾನು ಹೀಗೆ ಒಂದು ಗಾಡಿಗೆ ಮೂರು ರಿಲೇ ಹಾಕಿದ್ದೇನೆ, ಕೊನೆಗೆ ನೋಡಿದರೆ ರಿಲೇ ಕೂರುವ ಜಾಗದ ಪಿನ್ ಸಡಿಲ! ಪ್ರತಿ ಸಲ ರಿಲೇ ಒತ್ತಿದಾಗ ಪಿನ್ ಸ್ವಲ್ಪ ದಿನ ಕಚ್ಚಿಕೊಳ್ಳುತ್ತಿತ್ತು.

ಆ ಎದ್ದು ಮಲಗಿದ ಮುಳ್ಳೂ ಇದನ್ನೇ ಹೇಳುತ್ತಿತ್ತು. ಬಿಸಿಗೆ ತಂತಿ ಬಿಟ್ಟ ಕಾಯಿಲ್ ಸಾಮಾನ್ಯವಾಗಿ ತಣ್ಣಗಾಗುವ ತನಕ ಸುಮ್ಮನಿರುತ್ತದೆ. ಎರಡು ಸೆಕೆಂಡಿಗೆ ವಾಪಸ್ ಬಂದು ಹೋಗುವುದು ಎಲ್ಲೋ ತಾಗಿ ಬಿಡುವ ವೈರಿನ ಬುದ್ಧಿ.

ಟೆಸ್ಟ್ ಲ್ಯಾಂಪ್
ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಗಾಡಿ ನಿಂತ ಸ್ಥಿತಿಯಲ್ಲೇ, ಬಿಸಿ ಇರುವಾಗಲೇ ಮಾಡಬೇಕು. ತಣ್ಣಗಾದ ಮೇಲೆ ಎಲ್ಲವೂ ಸಾಧು.

ಬ್ಯಾಟರಿ ನೆಗೆಟಿವ್ ತೆಗೆಯಿರಿ. ಸೆನ್ಸರ್ ಕಪ್ಲರ್ ಬಿಚ್ಚಿ, ಇಸಿಯು ಕಪ್ಲರ್ ಬಿಚ್ಚಿ. ಈಗ ಆ ಎರಡು ವೈರ್ ಯಾವುದಕ್ಕೂ ಸೇರಿಲ್ಲ. ಮೀಟರನ್ನು ಬೀಪ್ ಮೋಡಿನಲ್ಲಿಟ್ಟು ಮೂರು ಅಳತೆ. ಒಂದೊಂದು ವೈರ್ ಈ ತುದಿಯಿಂದ ಆ ತುದಿಗೆ: ಬೀಪ್ ಬರಬೇಕು. ಎರಡು ವೈರುಗಳ ನಡುವೆ: ಬರಬಾರದು. ಒಂದೊಂದು ವೈರಿನಿಂದ ಎಂಜಿನ್ ಬ್ಲಾಕಿಗೆ: ಬರಬಾರದು. ಅಳೆಯುವಾಗ ಇನ್ನೊಬ್ಬರು ವೈರಿಂಗನ್ನು ಗೇಣು ಗೇಣು ಅಲ್ಲಾಡಿಸುತ್ತಾ ಹೋಗಲಿ. ಮೀಟರ್ ವೈರಿನ ಮೊನೆಯನ್ನು ಕಪ್ಲರಿನ ಹೆಣ್ಣು ಪಿನ್ನಿಗೆ ತುರುಕಬೇಡಿ, ಪಿನ್ ಅಗಲ ಆದರೆ ಹೊಸ ರೋಗ.

ಇದು ಸಣ್ಣ ಸಿಗ್ನಲ್. ಕ್ರ್ಯಾಂಕಿನ ರಿಂಗಿನಲ್ಲಿ ಬಹಳ ಗಾಡಿಗಳಿಗೆ 60 ಹಲ್ಲಿನ ಜಾಗ, ಅದರಲ್ಲಿ ಎರಡು ಖಾಲಿ, ಉಳಿದದ್ದು 58. ಖಾಲಿ ಜಾಗ ನೋಡಿಯೇ ಇಸಿಯು ಪಿಸ್ಟನ್ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 2,900 ಮಿಡಿತ. ವೈರ್ ಒಮ್ಮೆ ಬ್ಲಾಕಿಗೆ ತಾಗಿದರೂ ಲೆಕ್ಕ ತಪ್ಪುತ್ತದೆ.

ಹಳೇ ಡೀಸೆಲ್
ಎಲ್ಲರೂ ಸೆನ್ಸರ್ ಅಂತ ಕೂತಿದ್ದೀರಿ, ಡೀಸೆಲ್ ಇಟ್ಟುಕೊಂಡವರು ಯಾರಾದರೂ ಓದುತ್ತಿದ್ದರೆ ಅವರಿಗೂ ಒಂದು ಮಾತು. ಕಾಮನ್ ರೈಲ್ ಡೀಸೆಲ್ ಗಾಡಿ ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಪಿಕಪ್ ಸತ್ತು ನಿಂತರೆ ಮೊದಲು ಫಿಲ್ಟರ್ ನೋಡಿ. ಕೆಳಗಿನ ತಿರುಪು ಬಿಚ್ಚಿದರೆ ನೀರು ಬರುತ್ತದಾ? ಆಮೇಲೆ ಟ್ಯಾಂಕಿನಿಂದ ಬರುವ ಪೈಪ್. ಗಾಳಿ ಎಳೆಯುತ್ತಿದ್ದರೆ ಪಾರದರ್ಶಕ ಪೈಪಿನ ತುಂಡು ಹಾಕಿ ನೋಡಿದಾಗ ಗುಳ್ಳೆ ಕಾಣುತ್ತದೆ. ಕೋಡ್ ಪಿ0087 ಬಂದರೆ ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ, ಪ್ರೆಶರ್ ಕಡಿಮೆ ಅಂತ ಅರ್ಥ. ಪಂಪ್ ಹೋಗಿದೆ ಅಂತ ಅರ್ಥ ಅಲ್ಲ. ನನಗೆ ಹೀಗಾದಾಗ ಕಾರಣ ಒಂದು ಒಣಗಿದ ರಬ್ಬರ್ ವಾಷರ್.

ಹಿಂಗನ್ನಡಿ
ವಾರಾಂತ್ಯದ ಕಥೆ, ಸ್ವಲ್ಪ ಉದ್ದ.

ತಮ್ಮನನ್ನು ಕರೆದುಕೊಂಡು ಹೊರಟೆ. ಮೀಟರ್, ಸ್ಪ್ಯಾನರ್, ಟಾರ್ಚ್ ಎಲ್ಲ ಹಿಂದಿನ ಸೀಟಿನಲ್ಲಿ. ನಿಲ್ಲಲಿ ಅಂತ ಹಾರೈಸುತ್ತಾ ಗಾಡಿ ಓಡಿಸಿದ್ದು ಜೀವನದಲ್ಲಿ ಮೊದಲ ಸಲ. ಒಂದು ಗಂಟೆ ಆಯಿತು, ನಿಲ್ಲಲಿಲ್ಲ. ತಮ್ಮ 'ಇವತ್ತು ಅದಕ್ಕೂ ಭಾನುವಾರ' ಅಂದ. ಮನೆ ಮುಂದೆ ಬಂದು ಐಡ್ಲಿಂಗಿನಲ್ಲಿ ಬಿಟ್ಟೆವು. ಫ್ಯಾನ್ ಎರಡು ಸಲ ತಿರುಗಿತು. ಮೂರನೇ ಸಲ ತಿರುಗುವಷ್ಟರಲ್ಲಿ ಟಪ್ ಅಂತ ನಿಂತಿತು.

ಸೆನ್ಸರ್ ಜಾಗದಲ್ಲೇ ಇಟ್ಟು ಅಳೆದೆ, 1,050. ಸೆನ್ಸರ್ ಸರಿ. ಎರಡೂ ಕಪ್ಲರ್ ಬಿಚ್ಚಿದೆವು. ಈ ತುದಿ ಆ ತುದಿ, ಎರಡೂ ವೈರ್ ಬೀಪ್. ವೈರುಗಳ ನಡುವೆ ಬೀಪ್ ಇಲ್ಲ. ಒಂದನೇ ವೈರಿನಿಂದ ಬ್ಲಾಕಿಗೆ, ಇಲ್ಲ. ಎರಡನೆಯದರಿಂದ ಬ್ಲಾಕಿಗೆ ಇಟ್ಟೆ ನೋಡಿ, ಬೀಈಈಪ್. ತಮ್ಮ ಕೈ ಒಳಗೆ ಹಾಕಿ ವೈರಿಂಗ್ ಮೇಲಕ್ಕೆ ಎತ್ತಿದ, ಬೀಪ್ ನಿಂತಿತು. ಬಿಟ್ಟ, ಮತ್ತೆ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೋರಾಗಿ ನಕ್ಕೆವು.

ಜಾಗ: ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲಿನ ತಗಡಿನ ಹೀಟ್ ಶೀಲ್ಡ್ ಇದೆಯಲ್ಲ, ಅದರ ಮೂಲೆ. ವೈರಿಂಗ್ ಅಲ್ಲಿಂದ ನಾಲ್ಕು ಬೆರಳು ಮೇಲೆ ಒಂದು ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಕೂತಿರಬೇಕಿತ್ತು. ಕ್ಲಿಪ್ ಇಲ್ಲ, ತೂತು ಮಾತ್ರ ಇದೆ. ಶೀಲ್ಡಿನ ಎರಡು ಬೋಲ್ಟಿನಲ್ಲಿ ಒಂದೂ ಇಲ್ಲ, ಹಾಗಾಗಿ ಮೂಲೆ ಮೇಲಕ್ಕೆ ಎದ್ದಿದೆ. ವೈರಿಂಗ್ ಜೋತುಬಿದ್ದು ಆ ಮೂಲೆಯ ಮೇಲೆ ಮಲಗಿದೆ. ವೈರಿಂಗಿನ ಹೊದಿಕೆಯ ಸುಕ್ಕು ಪೈಪ್ ಕರಗಿ ಒಂದು ಕಡೆ ಬಾಯಿ ಬಿಟ್ಟಿದೆ, ಒಳಗೆ ಬಿಳಿ ವೈರಿನ ತೊಗಲು ಅಕ್ಕಿಕಾಳಿನಷ್ಟು ಉದ್ದ ಸವೆದು ತಾಮ್ರ ಹೊಳೆಯುತ್ತಿದೆ. ಬಿಸಿಯಾದಾಗ ಪೈಪ್ ಮೆತ್ತಗಾಗಿ ಇನ್ನಷ್ಟು ಜೋಲುತ್ತದೆ, ತಗಡಿಗೆ ತಾಗುತ್ತದೆ. ತಣ್ಣಗಾದರೆ ಗಟ್ಟಿಯಾಗಿ ಮೇಲೆ ಏಳುತ್ತದೆ.

ಎಂಟು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಆಗ ಗೇರ್‌ಬಾಕ್ಸ್ ಇಳಿಸಲು ಇದನ್ನೆಲ್ಲ ಬಿಚ್ಚಿದ್ದರು.

ಕೈಮಸಿ
ಭಲೇ! ತಮ್ಮನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್.

ಈಗ ಟೇಪ್ ಸುತ್ತಿ ಬಿಡಬೇಡಿ. ಆ ಶಾಖಕ್ಕೆ ಟೇಪಿನ ಅಂಟು ಒಂದು ತಿಂಗಳಲ್ಲಿ ಕರಗಿ ಇಳಿಯುತ್ತದೆ. ಸವೆದ ಜಾಗ ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ, ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ತೂರಿಸಿ.

ಟೆಸ್ಟ್ ಲ್ಯಾಂಪ್
ಬೆಸುಗೆ ಬೇಡ ಅಂತ ನನ್ನ ಅಭಿಪ್ರಾಯ. ನಡುಗುವ ಜಾಗದಲ್ಲಿ ಬೆಸುಗೆ ಮುಗಿಯುವ ಕಡೆ ವೈರ್ ಗಡುಸಾಗಿ ಮುರಿಯುತ್ತದೆ. ವೈರನ್ನು ಒತ್ತಿ ಸೇರಿಸುವ ಒಳ್ಳೆ ಕ್ರಿಂಪ್ ಟ್ಯೂಬ್, ಸರಿಯಾದ ಇಕ್ಕಳ, ಅಂಟು ಇರುವ ಹೀಟ್ ಶ್ರಿಂಕ್.

ಕೈಮಸಿ
ಕೆಟ್ಟ ಕ್ರಿಂಪಿಗಿಂತ ಒಳ್ಳೆ ಬೆಸುಗೆ ಮೇಲು. ಎಲ್ಲರ ಹತ್ತಿರ ಸರಿಯಾದ ಇಕ್ಕಳ ಇರುವುದಿಲ್ಲ.

ಟೆಸ್ಟ್ ಲ್ಯಾಂಪ್
ಕೆಟ್ಟ ಬೆಸುಗೆಗಿಂತ ಒಳ್ಳೆ ಕ್ರಿಂಪ್ ಮೇಲು. ಇದು ಇವತ್ತಿಗೆ ಮುಗಿಯುವ ಜಗಳ ಅಲ್ಲ ಬಿಡಿ.

ಹಿಂಗನ್ನಡಿ ಅವರೇ, ಯಾವುದನ್ನೇ ಮಾಡಿ, ಎರಡು ವಿಷಯ ನೆನಪಿರಲಿ. ಆ ಎರಡು ವೈರುಗಳನ್ನು ಜಡೆ ಹಾಗೆ ಹೆಣೆದಿರುತ್ತಾರೆ. ಇಗ್ನಿಷನ್ ಕಾಯಿಲಿನ ಗಲಾಟೆ ಸಿಗ್ನಲ್ಲಿಗೆ ಸೇರಬಾರದು ಅಂತ. ರಿಪೇರಿ ಆದ ಮೇಲೂ ಹಾಗೇ ಹೆಣೆಯಿರಿ. ಮತ್ತೆ, ಎರಡೂ ವೈರ್ ಕತ್ತರಿಸುವುದಾದರೆ ಎರಡು ಜಾಯಿಂಟ್ ಅಕ್ಕಪಕ್ಕ ಬರದಂತೆ ಒಂದನ್ನು ಎರಡು ಬೆರಳು ಹಿಂದೆ ಮಾಡಿ. ಎರಡನ್ನೂ ಅದಲು ಬದಲು ಮಾಡಿ ಸೇರಿಸಿಬಿಡಬೇಡಿ. ಸಿಗ್ನಲ್ ತಲೆಕೆಳಗಾದರೆ ಸ್ಟಾರ್ಟ್ ಆಗುವುದೇ ಕಷ್ಟ, ಆದರೂ ಟೈಮಿಂಗ್ ತಪ್ಪಿ ಓಡಬಹುದು.

ಹಿಂಗನ್ನಡಿ
ಕ್ರಿಂಪ್ ಮಾಡಿದೆ. ತಮ್ಮನ ಸ್ನೇಹಿತರ ಹತ್ತಿರ ಇಕ್ಕಳ ಇತ್ತು. ಇಲ್ಲದಿದ್ದರೆ ಕೈಮಸಿ ಅವರ ಪಕ್ಷ ಸೇರುತ್ತಿದ್ದೆ. ಬಿಳಿ ವೈರ್ ಮಾತ್ರ ಕತ್ತರಿಸಿದ್ದು, ಇನ್ನೊಂದು ಚೆನ್ನಾಗಿತ್ತು. ಹೆಣೆದು, ಶಾಖ ತಡೆಯುವ ತೋಳು ಹಾಕಿ, ಹೊಸ ಕ್ಲಿಪ್ಪಿನಲ್ಲಿ ಕೂರಿಸಿದೆ. ಈಗ ಶೀಲ್ಡಿಗೂ ವೈರಿಂಗಿಗೂ ನಡುವೆ ನನ್ನ ಕೈ ಆಡುತ್ತದೆ. ಕೋಡ್ ಅಳಿಸಿದೆ.

ಹಳೇ ಸೆನ್ಸರನ್ನೇ ವಾಪಸ್ ಹಾಕಿದ್ದೇನೆ, ಪರೀಕ್ಷೆಗೆ. ಹೊಸದು ಡಿಕ್ಕಿಯಲ್ಲಿದೆ.

ನಿಧಾನಿ
ಹಳೆಯದನ್ನೇ ಹಾಕಿದಿರಾ! ಧೈರ್ಯ ಮೆಚ್ಚಿದೆ.

ಹಿಂಗನ್ನಡಿ
ಮೂರು ವಾರ ಆಯಿತು, 1,940 ಕಿ.ಮೀ. ಒಂದು ದಿನ ಬೇಕೆಂದೇ ಬಿಸಿಲಿನಲ್ಲಿ ಎರಡೂವರೆ ಗಂಟೆ ಬಿಡದೆ ಓಡಿಸಿದೆ, ಆಮೇಲೆ 20 ನಿಮಿಷ ಎಸಿ ಹಾಕಿ ಐಡ್ಲಿಂಗ್. ನಿಲ್ಲಲಿಲ್ಲ. ಸ್ಕ್ಯಾನರಿನಲ್ಲಿ ಪೆಂಡಿಂಗ್ ಕೂಡ ಇಲ್ಲ.

ಹಳೇ ಪಂಪ್ ಮೆಕ್ಯಾನಿಕ್ ಹತ್ತಿರದಿಂದ ವಾಪಸ್ ತಂದೆ. ಬ್ಯಾಟರಿಗೆ ಒಂದು ಕ್ಷಣ ತಾಗಿಸಿದೆ, ಚೆನ್ನಾಗಿ ಓಡುತ್ತದೆ. ಅವರಿಗೂ ವೈರ್ ತೋರಿಸಿದೆ. ಬಗ್ಗಿ ನೋಡಿ, ಏನೂ ಮಾತಾಡದೆ, ಮುಂದಿನ ಆಯಿಲ್ ಚೇಂಜಿಗೆ ಮಜೂರಿ ಬೇಡ ಅಂದರು.

ಒಂದೇ ಒಂದು ಹೊಸ ತೊಂದರೆ. 1,800 ಆರ್‌ಪಿಎಂ ಹತ್ತಿರ ಬಾನೆಟ್ ಕೆಳಗೆ ಝರ್ರ್ ಅಂತ ತಗಡಿನ ಶಬ್ದ ಬರುತ್ತಿದೆ.

ಕೈಮಸಿ
ಶೀಲ್ಡಿನ ಬೋಲ್ಟ್ ಎರಡೂ ಹಾಕಿದ್ದೀರಾ?

ಹಿಂಗನ್ನಡಿ
ಒಂದು.